ಬಿಲ್ಲಿ ಹಾಲಿಡೇ ಅವರ ಕೊನೆಯ ವರ್ಷಗಳ ಎರಡು ಆಲ್ಬಮ್‌ಗಳು

ಅಮೆರಿಕದ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರ ಕೊನೆಯ ವರ್ಷಗಳ ಗಾಯನವನ್ನು ಕೇಳಬೇಕೆನ್ನುವವರು ಸಾಮಾನ್ಯವಾಗಿ ಎರಡು ಆಲ್ಬಮ್‌ಗಳ ನಡುವೆ ಆರಿಸಿಕೊಳ್ಳಬೇಕಾಗುತ್ತದೆ. 1957ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ವರ್ವ್ ಕಂಪನಿಗಾಗಿ ಹಾಡಿದ ‘ಸಾಂಗ್ಸ್ ಫಾರ್ ಡಿಸ್ಟಾಂಗೇ ಲವರ್ಸ್’ ಒಂದು. 1958ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಕೊಲಂಬಿಯಾ ಕಂಪನಿಗಾಗಿ ಹಾಡಿದ ‘ಲೇಡಿ ಇನ್ ಸ್ಯಾಟಿನ್’ ಇನ್ನೊಂದು. ನಡುವಿನ ಅಂತರ ಹದಿಮೂರು ತಿಂಗಳು ಮಾತ್ರ. ಕಂಠ ಎರಡರಲ್ಲೂ ಸವೆದಿದೆ, ಎರಡನೆಯದರಲ್ಲಿ ಇನ್ನಷ್ಟು. ಆದರೆ ನಿಜವಾದ ವ್ಯತ್ಯಾಸವಿರುವುದು ಆ ಕಂಠದ ಸುತ್ತಲಿನ ವಾದ್ಯಗಳಲ್ಲಿ. ಅದನ್ನು ಅರಿಯಲು ಎರಡು ವಾರ ಒಂದು ರಾತ್ರಿ ಇದನ್ನು, ಮರುರಾತ್ರಿ ಅದನ್ನು, ಮೊದಲು ಸ್ಪೀಕರ್‌ನಲ್ಲಿ, ಆಮೇಲೆ ಹೆಡ್‌ಫೋನಿನಲ್ಲಿ ಕೇಳಿದೆ.

ಮೊದಲನೆಯದು ಸಣ್ಣ ತಂಡದ್ದು. ಹ್ಯಾರಿ ಎಡಿಸನ್ ಅವರ ಟ್ರಂಪೆಟ್, ಬೆನ್ ವೆಬ್‌ಸ್ಟರ್ ಅವರ ಟೆನರ್ ಸ್ಯಾಕ್ಸೊಫೋನ್, ಜಿಮ್ಮಿ ರೋಲ್ಸ್ ಅವರ ಪಿಯಾನೊ, ಬಾರ್ನಿ ಕೆಸಲ್ ಅವರ ಗಿಟಾರ್, ಜೊತೆಗೆ ಬಾಸ್ ಮತ್ತು ಡ್ರಮ್ಸ್. ಹಾಲಿಡೇ ಒಂದು ಸಾಲು ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಟ್ರಂಪೆಟ್ಟೋ ಪಿಯಾನೊವೋ ಒಂದೆರಡು ಸ್ವರಗಳಲ್ಲಿ ಉತ್ತರ ಕೊಡುತ್ತದೆ, ಮತ್ತೆ ಸರಿದು ಅವರಿಗೆ ಜಾಗ ಬಿಡುತ್ತದೆ. ವೆಬ್‌ಸ್ಟರ್ ನುಡಿಸುವಾಗ ಸ್ವರಕ್ಕಿಂತ ಹೆಚ್ಚಾಗಿ ಉಸಿರೇ ಕೇಳಿಸುವಂತಿರುತ್ತದೆ, ಅದು ಹಾಲಿಡೇ ಅವರ ಒರಟಾದ ದನಿಗೆ ಬಹಳ ಚೆನ್ನಾಗಿ ಹೊಂದುತ್ತದೆ.

ಎರಡನೆಯದರಲ್ಲಿ ರೇ ಎಲ್ಲಿಸ್ ಸಂಯೋಜಿಸಿದ ದೊಡ್ಡ ವಾದ್ಯವೃಂದವಿದೆ: ಸಾಲುಸಾಲು ಪಿಟೀಲುಗಳು, ಮಾತಿಲ್ಲದೆ ಹಾಡುವ ಸ್ತ್ರೀಕಂಠಗಳು. ಇದು ಯಾರೋ ಹೇರಿದ್ದಲ್ಲ. ಎಲ್ಲಿಸ್ ಅವರ ಸಂಯೋಜನೆಗಳನ್ನು ಕೇಳಿ, ಅವರೇ ಬೇಕೆಂದು ಹಾಲಿಡೇ ಕೇಳಿಕೊಂಡಿದ್ದರು. ಆ ಆಯ್ಕೆಯನ್ನು ಗೌರವಿಸಿಯೇ ಕೇಳಿದೆ. ಆದರೂ ಸ್ಪೀಕರ್‌ನಲ್ಲಿ, ಕಡಿಮೆ ಸದ್ದಿನಲ್ಲಿ, ಪಿಟೀಲುಗಳು ದನಿಯ ಮೇಲೆ ಹೊದಿಕೆಯಂತೆ ಬೀಳುತ್ತವೆ. ಹೆಡ್‌ಫೋನಿನಲ್ಲಿ ಮಾತ್ರ ಒಡೆದ ಸ್ವರ, ಪದದ ಕೊನೆಯಲ್ಲಿ ಕುಸಿಯುವ ಉಸಿರು, ಎಲ್ಲವೂ ಕಿವಿಯ ಹತ್ತಿರವೇ ಬರುತ್ತವೆ.

ನನ್ನ ತೀರ್ಮಾನವನ್ನು ನಿರ್ಧರಿಸಿದ್ದು ಲಯ. ತಾಳದ ಪೆಟ್ಟಿಗಿಂತ ಕೊಂಚ ಹಿಂದೆ ಉಳಿದು, ಇನ್ನು ತಪ್ಪಿಯೇ ಹೋಯಿತು ಎನ್ನುವಾಗ ಬಂದು ಕೂಡಿಕೊಳ್ಳುವುದು ಹಾಲಿಡೇ ಅವರ ಗಾಯನದ ಜೀವಾಳ. ಕಂಠದ ವ್ಯಾಪ್ತಿ ಕುಗ್ಗಿದ ಮೇಲೂ ಅವರಲ್ಲಿ ಉಳಿದದ್ದು ಇದೇ. ಹಿಂದೆ ಉಳಿಯಬೇಕಾದರೆ ಮುಂದೆ ಖಚಿತವಾಗಿ ನಡೆಯುವ ತಾಳ ಬೇಕು. ರಾಜರ್ಸ್ ಮತ್ತು ಹಾರ್ಟ್ ಎಂಬ ಗೀತರಚನಾ ಜೋಡಿಯ ಹಾಡುಗಳು ಎರಡರಲ್ಲೂ ಇರುವುದರಿಂದ ಇದನ್ನು ಪರೀಕ್ಷಿಸುವುದು ಸುಲಭ. ಮೊದಲ ಆಲ್ಬಮ್‌ನ ‘ಐ ಡಿಡಂಟ್ ನೋ ವಾಟ್ ಟೈಮ್ ಇಟ್ ವಾಸ್’ ಹಾಡಿನಲ್ಲಿ ಬಾಸ್ ಮತ್ತು ಡ್ರಮ್ಸ್ ಸ್ಥಿರವಾಗಿ ನಡೆಯುತ್ತವೆ, ಹಾಲಿಡೇ ಅವುಗಳೊಂದಿಗೆ ಎಳೆದಾಡುತ್ತಾರೆ, ಆ ಎಳೆತದಲ್ಲಿ ಸಾಹಿತ್ಯದ ಅರ್ಥವೇ ಬದಲಾಗುತ್ತದೆ. ಎರಡನೆಯದರ ‘ಗ್ಲ್ಯಾಡ್ ಟು ಬಿ ಅನ್‌ಹ್ಯಾಪಿ’ ಹಾಡಿನಲ್ಲಿ ಕಾಲಪ್ರಮಾಣವೇ ವಿಳಂಬ. ಅವರು ತಡೆದು ಹಾಡಿದಾಗಲೂ ಯಾವುದಕ್ಕಿಂತ ತಡ ಎಂಬುದು ತಿಳಿಯುವುದಿಲ್ಲ.

ಹಾಗಾಗಿ ಹಾಲಿಡೇ ಅವರನ್ನು ಮೊದಲ ಬಾರಿಗೆ ಕೇಳುವವರಿಗೆ ನಾನು 1957ರದ್ದನ್ನೇ ಕೊಡುತ್ತೇನೆ. ಮೂಲ ಎಲ್‌ಪಿಯಲ್ಲಿ ಆರೇ ಹಾಡುಗಳಿದ್ದವು, ಆ ಚಿಕ್ಕ ಅಳತೆಯೂ ನನಗೆ ಇಷ್ಟ.

ಒಂದು ಹಾಡು ಮಾತ್ರ ಈ ತೀರ್ಮಾನಕ್ಕೆ ಒಗ್ಗುವುದಿಲ್ಲ. ‘ಲೇಡಿ ಇನ್ ಸ್ಯಾಟಿನ್’ ಆರಂಭವಾಗುವ ‘ಐ ಆ್ಯಮ್ ಎ ಫೂಲ್ ಟು ವಾಂಟ್ ಯೂ’ ಹಾಡಿನಲ್ಲಿ ಪಿಟೀಲುಗಳ ನಯ ಮತ್ತು ಕಂಠದ ಬಿರುಕು ಒಂದನ್ನೊಂದು ಮುಚ್ಚುವುದಿಲ್ಲ. ಆ ನಯ ಇರುವುದರಿಂದಲೇ ಬಿರುಕು ಅಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. 1959ರ ಜುಲೈನಲ್ಲಿ, 44ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರೆಂಬುದನ್ನು ಮರೆತು ಈ ಹಾಡನ್ನು ಕೇಳಲು ಹಲವು ಸಲ ಪ್ರಯತ್ನಿಸಿದೆ, ಆಗಲಿಲ್ಲ.