ಹಿಪ್ಪೋಥೆರಪಿಯೋ, ಸವಾರಿ ತರಬೇತಿಯೋ?

ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಚಲನೆ, ಭಂಗಿಯ ಹತೋಟಿ ಕುಂದುವ ಸ್ಥಿತಿ) ಇರುವ ಮಕ್ಕಳ ವಿಷಯದಲ್ಲಿ ಈ ಎರಡನ್ನೂ ಒಂದೇ ಎಂದುಕೊಳ್ಳುವವರೇ ಹೆಚ್ಚು. ಹಿಪ್ಪೋಥೆರಪಿಯಲ್ಲಿ ಮಗು ಸವಾರಿ ಕಲಿಯುವುದಿಲ್ಲ. ಕುದುರೆಯ ನಡಿಗೆಯೇ ಅಲ್ಲಿ ಚಿಕಿತ್ಸೆಯ ಉಪಕರಣ. ನಿಮಿಷಕ್ಕೆ ಸುಮಾರು 100 ಹೆಜ್ಜೆ. ಹೆಜ್ಜೆಹೆಜ್ಜೆಗೂ ಮಗುವಿನ ಸೊಂಟ ಹಿಂದೆಮುಂದೆ, ಮೇಲೆಕೆಳಗೆ, ಅಕ್ಕಪಕ್ಕ ಆಡುತ್ತದೆ, ಹೆಚ್ಚುಕಡಿಮೆ ನಾವು ನಡೆಯುವಾಗಿನಂತೆ. ನಿಂತ ಕುದುರೆ ಹೊರಟಾಗ ಮಗುವಿನ ಬೆನ್ನು ಹಿಂದಕ್ಕೆ ವಾಲಿ, ಮತ್ತೆ ನೆಟ್ಟಗಾಗುತ್ತದಲ್ಲ, ಫಿಸಿಯೋಥೆರಪಿಸ್ಟ್ ಕಾಯುವುದು ಅದಕ್ಕೇ. ಜೀನಿನ ಬದಲು ದಪ್ಪ ಪ್ಯಾಡ್. ಕುದುರೆ ನಡೆಸಲು ಒಬ್ಬರು, ಸಾಮಾನ್ಯವಾಗಿ ಎರಡೂ ಪಕ್ಕಕ್ಕೆ ಒಬ್ಬೊಬ್ಬರು.

ಸವಾರಿ ತರಬೇತಿಯಲ್ಲಿ ಲಗಾಮು ಮಗುವಿನ ಕೈಗೆ ಬರುತ್ತದೆ, ಕಲಿಸುವವರು ಸವಾರಿ ಶಿಕ್ಷಕರು. ಧೈರ್ಯ, ಗೆಳೆತನ, ಖುಷಿ ಸಿಗುತ್ತವೆ. ಚಿಕಿತ್ಸೆಯ ಗುರಿ ಇಟ್ಟುಕೊಂಡು ಇದಕ್ಕೆ ಸೇರಿಸಬೇಡಿ.

ಆಸರೆಯಿಲ್ಲದೆ ಕೂರಲಾಗದ ಮಗುವಿಗೆ ಮೊದಲನೆಯದೇ ಸರಿ. ಸ್ವಂತವಾಗಿ ಕೂತು, ಹೇಳಿದ್ದನ್ನು ಅನುಸರಿಸುವ ಮಗುವಿಗೆ ಎರಡನೆಯದು. ಯಾವುದನ್ನೇ ಆರಿಸಿದರೂ ನಿತ್ಯದ ಫಿಸಿಯೋಥೆರಪಿ ನಿಲ್ಲಿಸುವಂತಿಲ್ಲ.

ಎಡವಟ್ಟಾಗುವುದು ಹೆಚ್ಚಾಗಿ ತೊಡೆಯಲ್ಲಿ. ಒಳತೊಡೆ ಬಿಗಿಯಿರುವ ಮಗುವನ್ನು ಅಗಲ ಬೆನ್ನಿನ ಕುದುರೆ ಮೇಲೆ ಕೂರಿಸಿದರೆ ಸೊಂಟ ಹಿಂದಕ್ಕೆ ಮಡಚಿ ಬೆನ್ನು ಗೂನಾಗುತ್ತದೆ. ಕಿರಿದಾದ ಬೆನ್ನಿನ ಕುದುರೆ ಕೇಳಿ. ಮೊದಲ ಐದು ನಿಮಿಷ ನಿಧಾನ ನಡಿಗೆ ಸಾಕು. ಸೇರಿಸುವ ಮುನ್ನ ಸೊಂಟದ ಎಕ್ಸ್‌ರೇ ವೈದ್ಯರಿಗೆ ತೋರಿಸಿ: ಕೀಲು ಜಾರಿದ್ದರೆ, ಫಿಟ್ಸ್ ಹತೋಟಿಯಲ್ಲಿಲ್ಲದಿದ್ದರೆ ಕುದುರೆ ಬೇಡ. ಕತ್ತು ನಿಲ್ಲದ ಮಗುವಿಗೆ ಹೆಲ್ಮೆಟ್ಟಿನ ಭಾರವೇ ಹೊರೆ.