ಬಡಗುಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಅಜ್ಜನ ಪ್ರಸಂಗ

ಉಡುಪಿಯ ಬಡಗುಪೇಟೆಯಲ್ಲಿ, ಬೋರ್ಡಿನ ಮೇಲೆ ‘ಜೆರಾಕ್ಸ್, ಸ್ಕ್ಯಾನಿಂಗ್, ಬೈಂಡಿಂಗ್’ ಎಂದು ಬರೆದಿರುವುದರ ಹೊರತು ಬೇರೆ ಹೆಸರೇ ಇಲ್ಲದ ಪುಟ್ಟ ಅಂಗಡಿಯೊಂದಿದೆ. ನನ್ನ ಅಜ್ಜ ಬರೆದ ಯಕ್ಷಗಾನ ಪ್ರಸಂಗದ ಹಸ್ತಪ್ರತಿಯನ್ನು ಸ್ಕ್ಯಾನ್ ಮಾಡಿಸಿ, ಕೇಳಿದ ಭಾಗವತರಿಗೂ ಸಂಘಗಳಿಗೂ ಉಚಿತವಾಗಿ ಹಂಚಬೇಕೆಂದು ಕಳೆದ ಮಳೆಗಾಲದಲ್ಲಿ ಅಲ್ಲಿಗೆ ಹೋಗಿದ್ದೆ. 112 ಪುಟ, ಪುಟಕ್ಕೆ 5 ರೂಪಾಯಿ, ಎರಡು ದಿನದ ಕೆಲಸ. ದರದ ಬಗ್ಗೆ ನನ್ನ ತಕರಾರಿಲ್ಲ.

ಪುಸ್ತಕವನ್ನು ಕೈಗೆತ್ತಿಕೊಂಡ ಯಜಮಾನರು ಮೊದಲು ಕೇಳಿದ್ದು, “ಇದು ಯಾರದ್ದು ಮಾಷ್ಟ್ರೇ?” ಎಂದು. ಅಜ್ಜನದ್ದು ಎಂದೆ. “ಹಾಗಾದರೆ ಅಜ್ಜನ ಮಕ್ಕಳು ಮೊಮ್ಮಕ್ಕಳದ್ದೆಲ್ಲ ಒಪ್ಪಿಗೆ ಉಂಟಾ?” ಎಂದು ಮತ್ತೆ ಕೇಳಿದರು. ಜೆರಾಕ್ಸ್ ಅಂಗಡಿಯಲ್ಲಿ ಈ ಪ್ರಶ್ನೆ ಎದುರಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಸ್ವಲ್ಪ ಸಿಟ್ಟೂ ಬಂತು. ಆದರೆ ಅವರ ಲೆಕ್ಕ ಸರಿಯಾಗಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಕವಿಯ ಜೀವಿತಕಾಲಕ್ಕೂ, ಆತ ತೀರಿಕೊಂಡ ಮರುವರ್ಷದಿಂದ 60 ವರ್ಷಗಳಿಗೂ ಇರುತ್ತದೆ. ಅಜ್ಜನ ಪ್ರಸಂಗ ಅವರು ಬದುಕಿದ್ದಾಗಲೇ ಊರಿನ ಗದ್ದೆಯಲ್ಲಿ ರಂಗವೇರಿತ್ತು, ಅವರು ತೀರಿಕೊಂಡದ್ದು 1971ರಲ್ಲಿ. ಅಂದರೆ 2031ರ ಕೊನೆಯವರೆಗೆ ಅದು ಇಡೀ ಕುಟುಂಬದ ಸ್ವತ್ತು, ನಾನು ಪಾಲುದಾರರಲ್ಲಿ ಒಬ್ಬ ಮಾತ್ರ. ಹಸ್ತಪ್ರತಿ ನನ್ನ ಕಪಾಟಿನಲ್ಲಿದ್ದ ಮಾತ್ರಕ್ಕೆ ಹಂಚುವ ಅಧಿಕಾರ ನನಗೊಬ್ಬನಿಗೇ ಬಂದಿರಲಿಲ್ಲ.

ಇಷ್ಟು ಎಚ್ಚರ ಎಲ್ಲಿಂದ ಬಂತೆಂದು ಕೇಳಿದಾಗ ಅವರು ಕಾರಂತರ ಮೊಕದ್ದಮೆಯ ಮಾತೆತ್ತಿದರು. ಶಿವರಾಮ ಕಾರಂತರು 1994ರ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ಒಬ್ಬರಿಗೆ ಬರೆದಿಟ್ಟಿದ್ದರು. ಅವರ ನಿಧನಾನಂತರ, 2001ರಲ್ಲಿ ದೆಹಲಿಯಲ್ಲಿ ಅನುಮತಿಯಿಲ್ಲದೆ ನಡೆದ ಕಾರಂತರ ಬ್ಯಾಲೆಯೊಂದರ ಪ್ರದರ್ಶನದ ಮೇಲೆ ಆ ಹಕ್ಕುದಾರರು ಹೂಡಿದ ದಾವೆ ಉಡುಪಿಯ ನ್ಯಾಯಾಲಯದಿಂದ ಹೊರಟು 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೊನೆಗೊಂಡಿತು. ಯಕ್ಷಗಾನ ಎಲ್ಲರದ್ದು, ಆದರೆ ಕಾರಂತರು ‘ಯಕ್ಷರಂಗ’ ಎಂಬ ಹೆಸರಿನಲ್ಲಿ ಬರೆದು ರೂಪಿಸಿದ ಬ್ಯಾಲೆ ಅವರ ಸ್ವಂತ ಸೃಷ್ಟಿಯೆಂದು ಒಪ್ಪಿದ ನ್ಯಾಯಾಲಯ, ಅದನ್ನು ಅವರ ರೀತಿಯಲ್ಲೇ ಆಡುವುದರ ಮೇಲಿನ ತಡೆಯನ್ನು ಉಳಿಸಿ, ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನ ವಿನಾಯಿತಿಗಳಿಗೆ ದಾರಿ ಬಿಟ್ಟಿತು. ಹವ್ಯಾಸಿ ಸಂಘವೊಂದು ಟಿಕೆಟ್ ಇಡದೆ ಅಥವಾ ದೇವಸ್ಥಾನದ ಸಹಾಯಾರ್ಥ ಆಡುವ ಆಟಕ್ಕೆ ಆ ಸೆಕ್ಷನ್ನಿನಲ್ಲಿ ಅವಕಾಶವಿದೆ. ಪುಕ್ಕಟೆ ಆಟ ನೋಡಿಯೇ ಬೆಳೆದ ನಮ್ಮ ಕಡೆಯವರಿಗೆ ಇದು ಸಮಾಧಾನದ ವಿಷಯ.

ಇದೇ ಎಚ್ಚರಿಕೆಯಿಂದ ನನಗೊಂದು ನಿರಾಸೆಯೂ ಆಯಿತು. ಈಗಲೂ ಬರೆಯುತ್ತಿರುವ ಕವಿಯೊಬ್ಬರ ಪ್ರಸಂಗ ಸಂಪುಟವನ್ನು ಪೂರ್ತಿ ಮೂರು ಪ್ರತಿ ಮಾಡಿಕೊಡಿ ಎಂದಾಗ ಅವರು ಒಪ್ಪಲಿಲ್ಲ. ಅಭ್ಯಾಸಕ್ಕೆ ಬೇಕಾದ ನಾಲ್ಕು ಪುಟ ಮಾತ್ರ ತೆಗೆದುಕೊಟ್ಟರು. 2016ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪರವಾಗಿ ತೀರ್ಪು ಬಂದದ್ದನ್ನು ನೆನಪಿಸಿದೆ. ಅದು ಪಾಠಕ್ಕೆ ಬೇಕಾದ ಪುಟಗಳ ವಿಷಯ, ಪುಸ್ತಕ ಅಂಗಡಿಯಲ್ಲಿ ಸಿಗುವಾಗ ಪೂರ್ತಿ ಪ್ರತಿ ಯಾಕೆ ಎಂದರು. ಮರುಮಾತಿಲ್ಲದೆ 250 ರೂಪಾಯಿ ಕೊಟ್ಟು ಪುಸ್ತಕವನ್ನೇ ಕೊಂಡೆ.

ಒಪ್ಪಿಗೆಯ ಕೆಲಸ ಸ್ಕ್ಯಾನಿಂಗಿಗಿಂತ ದೀರ್ಘವಾಯಿತು. ಮುಂಬೈಯಲ್ಲಿರುವ ಸೋದರತ್ತೆ, “ನಾಳೆ ಯಾರಾದರೂ ಸಿನೆಮಾ ಮಾಡಿದರೆ?” ಎಂದು ಹದಿನೈದು ದಿನ ಸಹಿ ಹಾಕಲಿಲ್ಲ. ಈ ನಡುವೆ ಪ್ರಸಂಗದಲ್ಲಿ ಅಜ್ಜನದ್ದೆಷ್ಟು ಎಂಬ ಪ್ರಶ್ನೆಯೂ ಎದ್ದಿತು. ಪ್ರಸಂಗದ ನಾಯಕ ಸುಧನ್ವನ ಕಥೆ ಜೈಮಿನಿ ಭಾರತದ್ದು, ಯುದ್ಧಕ್ಕೆ ತಡವಾಗಿ ಬಂದ ತಪ್ಪಿಗೆ ಅವನನ್ನು ಹಾಕಿದ ಕಾದ ಎಣ್ಣೆಯ ಕೊಪ್ಪರಿಗೆಗೆ ಯಾರೂ ಹಕ್ಕುದಾರರಲ್ಲ. ಯುದ್ಧದ ಭಾಗದ ಕೆಲವು ಪದ್ಯಗಳಂತೂ ಹಳೆಯ ಮುದ್ರಿತ ಪ್ರಸಂಗದಿಂದ ನೇರವಾಗಿ ಇಳಿದುಬಂದಿವೆ. ಅಜ್ಜನೇ ಅವುಗಳ ಬದಿಯಲ್ಲಿ ‘ಹಳೆಯದು’ ಎಂದು ಬರೆದಿಟ್ಟಿದ್ದಾರೆ. ಆದರೆ ಗಂಡನನ್ನು ಯುದ್ಧಕ್ಕೆ ಕಳುಹಿಸಲು ಮನಸ್ಸಿಲ್ಲದ ಪ್ರಭಾವತಿಯ ಬಾಯಲ್ಲಿ ಬರುವ ಎಂಟು ಪದ್ಯಗಳು ಬೇರೆಲ್ಲೂ ಇಲ್ಲ. ಪ್ರಸಂಗದ ಜೀವ ಇರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಮೊಮ್ಮಗನ ಪಕ್ಷಪಾತವೆಂದು ಬೇಕಾದರೆ ತಳ್ಳಿಹಾಕಿ. ಕೊನೆಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ವ್ಯಾಪಾರಕ್ಕೆ ಬಳಸದೆ ಕವಿಯ ಹೆಸರು ಉಳಿಸಿ ಹಂಚಬಹುದಾದ ಒಂದನ್ನು ಆರಿಸಿದ ಮೇಲೆ ಅತ್ತೆಯ ಸಹಿ ಬಂತು.

ಸ್ಕ್ಯಾನಿನ ಗುಣಮಟ್ಟದಲ್ಲಿ ಮಾತ್ರ ಮೊದಲ ಸಲ ಎಡವಟ್ಟಾಗಿತ್ತು. ಅಜ್ಜ ಪದ್ಯಗಳನ್ನು ಕಪ್ಪು ಶಾಯಿಯಲ್ಲಿಯೂ, ‘ಭೈರವಿ, ಝಂಪೆ’ಯಂತಹ ರಾಗ ತಾಳಗಳನ್ನು ಕೆಂಪಿನಲ್ಲಿಯೂ ಬರೆದಿದ್ದರು. ಕಪ್ಪು-ಬಿಳುಪಿನಲ್ಲಿ ತೆಗೆದದ್ದರಿಂದ ಎರಡೂ ಒಂದಾಗಿ, ಹೊಲಿಗೆಯ ಬದಿಯ ಅಕ್ಷರಗಳೂ ಅರ್ಧ ಕತ್ತರಿಸಿಹೋಗಿದ್ದವು. ಅದಕ್ಕಿಂತ ಹೆಚ್ಚು ಕಸಿವಿಸಿಯಾದದ್ದು ಪ್ರತಿಯೊಂದು ಪುಟದ ಅಡಿಯಲ್ಲಿ ಅಂಗಡಿಯ ಮೊಬೈಲ್ ನಂಬರು ಅಚ್ಚಾಗಿದ್ದುದನ್ನು ಕಂಡಾಗ. “ಈಗ ಇದು ಯಾರದ್ದು?” ಎಂದು ನಾನು ಕೇಳಿದೆ. ಯಜಮಾನರು ನಾಚಿ, ಅದು ಸಾಫ್ಟ್‌ವೇರ್ ತಾನಾಗಿಯೇ ಹಾಕುವುದೆಂದು ಹೇಳಿ, ಹಣ ಕೇಳದೆ ಎಲ್ಲ ಪುಟಗಳನ್ನೂ ಬಣ್ಣದಲ್ಲಿ ಹೊಸದಾಗಿ ತೆಗೆದುಕೊಟ್ಟರು. ಹಸ್ತಪ್ರತಿ ಒಯ್ಯುವವರು ಬಣ್ಣ, ಅಂಚು ಮತ್ತು ಈ ನಂಬರು, ಮೂರರ ಬಗ್ಗೆಯೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆದರೂ 43ನೇ ಪುಟದಲ್ಲಿ ನಂಬರು ಉಳಿದುಬಿಟ್ಟಿದೆ. ನಾನು ನೋಡುವಷ್ಟರಲ್ಲಿ ಫೈಲು ಎಷ್ಟೋ ಫೋನುಗಳಿಗೆ ಹೋಗಿಯಾಗಿತ್ತು. ಮೊನ್ನೆ ಕುಂದಾಪುರ ಕಡೆಯ ಭಾಗವತರೊಬ್ಬರು ಪ್ರಭಾವತಿಯ ಪದ್ಯದ ತಾಳದ ಬಗ್ಗೆ ಕೇಳಲು ಅಂಗಡಿಗೇ ಕರೆ ಮಾಡಿದರಂತೆ. ಯಜಮಾನರು ಅಜ್ಜನ ಹೆಸರು ಹೇಳಿ, ನನ್ನ ನಂಬರು ಕೊಟ್ಟಿದ್ದಾರೆ.