ವೇಗಕ್ಕೆ ಕಡಿವಾಣ ಹಾಕುವ ದಾರಿಗಳು: ಪೊಲೀಸ್ ನಿಯಮ, ಐಪರ್ಫ್3, ಸ್ವಿಚ್ ಮತ್ತು ನಡುವೆ ಇಟ್ಟ ಲಿನಕ್ಸ್ ಪೆಟ್ಟಿಗೆ

ನಿಧಾನಗತಿಯ ಸಂಪರ್ಕದಲ್ಲಿ ತಂತ್ರಾಂಶ ಹೇಗೆ ವರ್ತಿಸುತ್ತದೆ ಎಂದು ಪರೀಕ್ಷಿಸಬೇಕಾದವರು ಎರಡು ಲ್ಯಾನ್ ಪೋರ್ಟ್‌ಗಳಿರುವ ಒಂದು ಹಳೆಯ ಮಿನಿ ಕಂಪ್ಯೂಟರ್ ಕೊಂಡು, ಅದಕ್ಕೆ ಲಿನಕ್ಸ್ ಹಾಕಿ, ಸರ್ವರ್ ಮತ್ತು ಪರೀಕ್ಷಾ ಯಂತ್ರದ ನಡುವೆ, ದಟ್ಟಣೆಯನ್ನೆಲ್ಲ ತನ್ನ ಮೂಲಕ ದಾಟಿಸುವ ಬ್ರಿಡ್ಜ್ ಆಗಿ ಇಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಅಂಥದೊಂದು ಪೆಟ್ಟಿಗೆ ಈಗ ನಮ್ಮಲ್ಲಿದೆ. ಅದಕ್ಕೂ ಮುಂಚೆ ಖರ್ಚಿಲ್ಲದ ಮೂರು ದಾರಿಗಳನ್ನು ಬಳಸಿ ನೋಡಿದ್ದೆವು.

ಮೊದಲನೆಯದು ಜಾಲದ ವೇಗ ಅಳೆಯುವ ಐಪರ್ಫ್3 ಎಂಬ ತಂತ್ರಾಂಶದ ಬಿ (-b) ಆಯ್ಕೆ. ಅದು ಐಪರ್ಫ್ ತಾನು ಕಳುಹಿಸುವ ದತ್ತಾಂಶಕ್ಕೆ ಮಾತ್ರ ಮಿತಿ ಹಾಕುತ್ತದೆಯೇ ಹೊರತು ನಿಮ್ಮ ತಂತ್ರಾಂಶದ ದಟ್ಟಣೆಯನ್ನು ಮುಟ್ಟುವುದಿಲ್ಲ. ತಲುಪಿತೇ ಎಂದು ನೋಡದೆ ಕಳುಹಿಸುತ್ತಲೇ ಹೋಗುವ ಯುಡಿಪಿ ವಿಧಾನದ ಪರೀಕ್ಷೆಯಲ್ಲಿ ಬಿ ಕೊಡದಿದ್ದರೆ ಅದು ತಾನಾಗಿಯೇ ಸೆಕೆಂಡಿಗೆ ಸುಮಾರು 1 ಮೆಗಾಬಿಟ್‌ಗೆ ನಿಲ್ಲುತ್ತದೆ ಎಂಬುದು ತಿಳಿಯದೆ, 1.05 ಎಂಬ ಅಂಕಿ ನೋಡಿ ಕೇಬಲ್ ಬದಲಿಸಲು ಹೊರಡುವವರು ಈಗಲೂ ಇದ್ದಾರೆ. ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಬೇಡ, ಮಿತಿಗೊಳಿಸುವುದಕ್ಕೆ ಮಾತ್ರ ಇದು ಸಲ್ಲದು.

ಸ್ವಿಚ್‌ನ ಪೋರ್ಟ್‌ಗೆ ಮಿತಿ ಹಾಕುವ ಸೌಲಭ್ಯ ಸುಲಭವಾಗಿತ್ತು, ಆದರೆ ನಮ್ಮಲ್ಲಿದ್ದ ಸ್ವಿಚ್‌ನಲ್ಲಿ ವಿಳಂಬ ಸೇರಿಸುವ ದಾರಿ ಇರಲಿಲ್ಲ.

ಹೆಚ್ಚು ಸಮಯ ತಿಂದದ್ದು ಮೂರನೆಯದು, ಪರೀಕ್ಷಾ ಯಂತ್ರದಲ್ಲೇ ಒಳಬರುವ ದಟ್ಟಣೆಗೆ ಲಿನಕ್ಸ್‌ನ ದಟ್ಟಣೆ ನಿಯಂತ್ರಣದ ಆದೇಶವಾದ ಟಿಸಿ ಮೂಲಕ ಹಾಕುವ ಪೊಲೀಸ್ ನಿಯಮ, ಅಂದರೆ ಮಿತಿ ಮೀರಿದ ಪ್ಯಾಕೆಟ್‌ಗಳನ್ನು ಎಸೆಯುವ ನಿಯಮ. ಮಿತಿ 20 ಮೆಗಾಬಿಟ್, ಬರ್ಸ್ಟ್, ಅಂದರೆ ಒಮ್ಮೆಗೇ ದಾಟಬಹುದಾದ ಗರಿಷ್ಠ ಪ್ರಮಾಣ, 10 ಕಿಲೋಬೈಟ್. ಈ ಬರ್ಸ್ಟ್ ಊಹೆಯದಲ್ಲ. 20 ಮೆಗಾಬಿಟ್ ಎಂದರೆ ಸೆಕೆಂಡಿಗೆ 25 ಲಕ್ಷ ಬೈಟ್. ಅದನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಗಡಿಯಾರ ಸೆಕೆಂಡಿಗೆ ಮಿಡಿಯುವ ಎಣಿಕೆಯಾದ 250ರಿಂದ ಭಾಗಿಸಿದರೆ 10,000 ಬೈಟ್ ಬರುತ್ತದೆ. ವೇಗ ಮಿತಿಗೊಳಿಸುವ ಟಿಸಿಯ ಇನ್ನೊಂದು ಸಾಧನವಾದ ಟಿಬಿಎಫ್‌ನ ಕೈಪಿಡಿ ಹೇಳುವ ಲೆಕ್ಕವೂ ಇದೇ. ಆದರೂ ತಲುಪದ್ದನ್ನು ಮತ್ತೆ ಕಳುಹಿಸುವ ಟಿಸಿಪಿ ವಿಧಾನದ ಪರೀಕ್ಷೆ ಆರಂಭವಾದೊಡನೆ ಕುಸಿಯುತ್ತಿತ್ತು. ಐಪರ್ಫ್3ರ ಸಾಲುಗಳಲ್ಲಿ ವೇಗ ಮತ್ತೆ ಮತ್ತೆ 0.00, ಮರುರವಾನೆಯ ಎಣಿಕೆ ಏರುತ್ತಲೇ ಇರುವುದು, ಕಂಜೆಶನ್ ವಿಂಡೋ (ತಲುಪಿದ ಉತ್ತರಕ್ಕೆ ಕಾಯದೆ ಕಳುಹಿಸಬಹುದಾದ ಪ್ರಮಾಣ) 1.41 ಕಿಲೋಬೈಟ್, ಅಂದರೆ ಒಂದೇ ಒಂದು ಸೆಗ್ಮೆಂಟ್, ಒಂದು ಪ್ಯಾಕೆಟ್‌ನಷ್ಟು ದತ್ತಾಂಶ. ಅದೇ ಹೊತ್ತಿಗೆ ಪಿಂಗ್ ಸರಿಯಾಗಿತ್ತು, ಯುಡಿಪಿ ನಿಗದಿತ ವೇಗದಲ್ಲೇ ಹರಿಯುತ್ತಿತ್ತು. ಹೀಗಾಗಿ ತಂಡದಲ್ಲಿ ಎಲ್ಲರ ಅನುಮಾನವೂ ಸರ್ವರ್‌ನ ಟಿಸಿಪಿ ಹೊಂದಾಣಿಕೆಯತ್ತ ತಿರುಗಿತು.

ಗುಟ್ಟು ಬಯಲಾದದ್ದು ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ. ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರ, 1500 ಬೈಟ್ ಇರುವ ಜಾಲದಲ್ಲಿ ಇಪ್ಪತ್ತು ಸಾವಿರ ಬೈಟ್ ಮೀರಿದ ಪ್ಯಾಕೆಟ್‌ಗಳು ಕಾಣುತ್ತಿದ್ದವು. ಪ್ರೊಸೆಸರ್‌ನ ಹೊರೆ ತಗ್ಗಿಸಲೆಂದು ಜಿಆರ್‌ಒ ಎಂಬ ವ್ಯವಸ್ಥೆ ಒಂದೇ ಸಂಪರ್ಕದ ಟಿಸಿಪಿ ಪ್ಯಾಕೆಟ್‌ಗಳನ್ನು ಜೋಡಿಸಿ, 64 ಕಿಲೋಬೈಟ್‌ವರೆಗಿನ ಒಂದೇ ಗಂಟಾಗಿ ಮೇಲಕ್ಕೆ ಕೊಡುತ್ತದೆ, ಮತ್ತು ಈ ಜೋಡಣೆ ಪೊಲೀಸ್ ನಿಯಮ ತಲುಪುವ ಮೊದಲೇ ಮುಗಿದಿರುತ್ತದೆ. ಬರ್ಸ್ಟ್‌ಗಿಂತ ದೊಡ್ಡದಾದ ಗಂಟಿಗೆ ಟೋಕನ್ (ದಾಟಲು ಬೇಕಾದ ಪರವಾನಗಿ; ಇದು ಬರ್ಸ್ಟ್‌ನಷ್ಟೇ ಕೂಡಿಡಲಾಗುತ್ತದೆ) ಎಂದೂ ಸಾಲುವುದಿಲ್ಲವಾದ್ದರಿಂದ ಅದು ಇಡಿಯಾಗಿ ಕಸಕ್ಕೆ ಹೋಗುತ್ತದೆ. ಯುಡಿಪಿಯನ್ನು ಸಾಮಾನ್ಯವಾಗಿ ಹೀಗೆ ಜೋಡಿಸುವುದಿಲ್ಲ, ಹಾಗಾಗಿ ಅದು ಬಚಾವಾಗುತ್ತದೆ. ಲ್ಯಾನ್ ಪೋರ್ಟ್‌ನ ಹೊಂದಾಣಿಕೆ ಬದಲಿಸುವ ಈಥ್‌ಟೂಲ್‌ನಿಂದ ಜಿಆರ್‌ಒ ನಿಲ್ಲಿಸಿದ ಕೂಡಲೇ ವೇಗ ಮೇಲೆದ್ದಿತು.

ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಪೊಲೀಸ್ ನಿಯಮಕ್ಕೆ ಸಾಲು ಎಂಬುದೇ ಇಲ್ಲ. ಹೆಚ್ಚಾದದ್ದನ್ನು ಕಾಯಿಸದೆ ಎಸೆಯುತ್ತದೆ, ಆದ್ದರಿಂದ ವೇಗದ ರೇಖೆ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ. ಜಿಆರ್‌ಒ ಹಾಗೇ ಬಿಟ್ಟು ಬರ್ಸ್ಟನ್ನು 64 ಕಿಲೋಬೈಟ್‌ಗಿಂತ ಹಿಗ್ಗಿಸಬಹುದು ನಿಜ, ಆದರೆ ನಮ್ಮ ತಂತ್ರಾಂಶದ ಬಹುಪಾಲು ಉತ್ತರಗಳು ಅದಕ್ಕಿಂತ ಚಿಕ್ಕವು. ಅವು ಮಿತಿಯ ಅರಿವೇ ಇಲ್ಲದಂತೆ ಪೂರ್ಣ ವೇಗದಲ್ಲಿ ದಾಟಿಹೋಗುತ್ತವೆ, ಪರೀಕ್ಷೆಯ ವರದಿ ಮಾತ್ರ ಅಂದವಾಗಿ ಬರುತ್ತದೆ. ಇದು ಕುಸಿತಕ್ಕಿಂತ ಕೆಟ್ಟದ್ದು, ಏಕೆಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನಡುವಿನ ಪೆಟ್ಟಿಗೆಯಲ್ಲಿ ಪರೀಕ್ಷಾ ಯಂತ್ರದ ಕಡೆಯ ಪೋರ್ಟ್‌ನಿಂದ ಹೊರಹೋಗುವ ದಾರಿಗೆ ಕೇಕ್ ಎಂಬ ವೇಗ ಮಿತಿಗೊಳಿಸುವ ಸಾಧನ ಹಾಕಿದ್ದೇವೆ. 2018ರಲ್ಲಿ ಬಂದ ಲಿನಕ್ಸ್ 4.19ರಿಂದ ಅದು ಕರ್ನೆಲ್‌ನಲ್ಲೇ ಇದೆ. ಅದಕ್ಕೆ ಬ್ಯಾಂಡ್‌ವಿಡ್ತ್ ಒಂದನ್ನು ಹೇಳಿದರೆ ಸಾಕು. ಬರ್ಸ್ಟ್ ಲೆಕ್ಕದ ಗೊಡವೆಯಿಲ್ಲ, ದೊಡ್ಡ ಗಂಟುಗಳನ್ನು ತಾನೇ ಬಿಡಿಸಿ ಕಳುಹಿಸುತ್ತದೆ. ವಿಳಂಬಕ್ಕೆ ಸರ್ವರ್ ಕಡೆಯ ಪೋರ್ಟ್‌ನಲ್ಲಿ ಪ್ಯಾಕೆಟ್‌ಗಳನ್ನು ತಡೆದು ಕಳುಹಿಸುವ ನೆಟೆಮ್ ಎಂಬ ಸಾಧನ ಇದೆ. ಅದರ ಸಾಲು ಮೂಲತಃ 1000 ಪ್ಯಾಕೆಟ್‌ಗಳದ್ದು. ಗಿಗಾಬಿಟ್ ವೇಗಕ್ಕೆ 100 ಮಿಲಿಸೆಕೆಂಡ್ ವಿಳಂಬ ಬೇಕೆಂದರೆ ಎಂಟು ಸಾವಿರಕ್ಕೂ ಹೆಚ್ಚು ಹಿಡಿಸಬೇಕು ಎಂಬುದು ನೆನಪಿರಲಿ. ಕೇಕ್ ಎಲ್ಲ ಸಂಪರ್ಕಗಳಿಗೂ ನ್ಯಾಯವಾಗಿ ಹಂಚಿ ವಿಳಂಬವನ್ನು ಹದ್ದುಬಸ್ತಿನಲ್ಲಿಡುವ ಸಭ್ಯ ಸಾಧನವಾದ್ದರಿಂದ, ಮಿತಿಮೀರಿ ತುಂಬಿದ ಬಫರ್‌ನ ಮನೆ ರೂಟರನ್ನು ಅನುಕರಿಸಬೇಕಾದಾಗ ಅದನ್ನು ತೆಗೆದು, ಉದ್ದನೆಯ ಸಾಲು ಕೊಟ್ಟ ಟಿಬಿಎಫ್ ಹಾಕುತ್ತೇನೆ.

ಟಿಸಿಯಲ್ಲಿ ಎಂಬಿಪಿಎಸ್ ಎಂದು ಬರೆದರೆ ಅದು ಮೆಗಾಬೈಟ್. ಮೆಗಾಬಿಟ್‌ಗೆ ಎಂಬಿಟ್ ಎಂದೇ ಬರೆಯಬೇಕು. ಇನ್ನು 20 ಮೆಗಾಬಿಟ್ ಮಿತಿಗೆ ಐಪರ್ಫ್3 ಸುಮಾರು 19.1 ತೋರಿಸಿದರೆ ಅದು ದೋಷವಲ್ಲ: ಪ್ರತಿ 1514 ಬೈಟ್‌ನಲ್ಲಿ ಉಪಯುಕ್ತ ದತ್ತಾಂಶ 1448 ಮಾತ್ರ, ಉಳಿದದ್ದು ಹೆಡರ್‌ಗಳು.

ಇದೇ ಕೆಲಸಕ್ಕೆಂದು ಮಾರುವ ನೆಟ್‌ವರ್ಕ್ ಎಮ್ಯುಲೇಟರ್‌ಗಳ ಬೆಲೆ ನಮ್ಮಂಥ ಸಣ್ಣ ತಂಡದ ಕೈಗೆಟುಕುವಂಥದ್ದಲ್ಲ. ಎರಡನೆಯ ಯಂತ್ರ ಇಡುವುದೇ ಆಗದು ಎನ್ನುವವರು ಒಳಬರುವ ದಟ್ಟಣೆಯನ್ನು ಐಎಫ್‌ಬಿ ಎಂಬ ಕಾಲ್ಪನಿಕ ಸಾಧನಕ್ಕೆ ತಿರುಗಿಸಿ, ಅದರ ಮೇಲೆ ಕೇಕ್ ಹಾಕಬಹುದು. ನಾನು ಹಾಗೆ ಮಾಡುವುದಿಲ್ಲ, ಏಕೆಂದರೆ ಪರೀಕ್ಷಾ ಯಂತ್ರವನ್ನು ಮತ್ತೆ ಮತ್ತೆ ಅಳಿಸಿ ಹೊಸದಾಗಿ ಸ್ಥಾಪಿಸುವುದು ನನ್ನ ರೂಢಿ, ಮತ್ತು ಹಾಗೆ ಮಾಡಿದಾಗಲೆಲ್ಲ ಆ ನಿಯಮಗಳೂ ಅಳಿಸಿಹೋಗುತ್ತವೆ.